ಹರಿಕೇನ್‌ಗಳು ತೈಲ ಉತ್ಪಾದನೆ ಮತ್ತು ಇಂಧನ ಪೂರೈಕೆಯನ್ನು ಹೇಗೆ ತಡೆಯುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೊ ಕೊಲ್ಲಿಯಲ್ಲಿ ಹರಿಕೇನ್ ಎದ್ದಿದೆ ಎಂಬ ಸುದ್ದಿಯ ಬೆನ್ನಲ್ಲೇ ತೈಲ ಮಾರುಕಟ್ಟೆಯ ಸುದ್ದಿಯೂ ಬರುತ್ತದೆ. ಬಾವಿಗಳು ಮುಚ್ಚಿದವು, ಬೆಲೆ ಏರಿತು ಎಂದು ಎರಡು ಸಾಲಿನಲ್ಲಿ ಮುಗಿಸುವ ವರದಿಗಳೇ ಹೆಚ್ಚು. ಆದರೆ ಸಮುದ್ರದೊಳಗಿನ ಬಾವಿಯಿಂದ ವಾಹನದ ಟ್ಯಾಂಕಿನವರೆಗೆ ಇಂಧನ ಬರುವ ದಾರಿ ಉದ್ದವಾದದ್ದು, ಮತ್ತು ಚಂಡಮಾರುತವು ಆ ದಾರಿಯನ್ನು ಯಾವ ಜಾಗದಲ್ಲಿ ಕಡಿಯುತ್ತದೆ ಎಂಬುದರ ಮೇಲೆ ಪರಿಣಾಮವು ಸಂಪೂರ್ಣ ಬೇರೆಯಾಗುತ್ತದೆ. ಕಳೆದ 20 ವರ್ಷಗಳ ಹರಿಕೇನ್‌ಗಳನ್ನು ಒಟ್ಟಿಗೆ ನೋಡಿದರೆ, ಜನರಿಗೆ ಹೆಚ್ಚು ಕಷ್ಟ ಕೊಟ್ಟದ್ದು ಬಾವಿಗಳಿಗಿಂತ ದಡದ ಮೇಲಿನ ಸಂಸ್ಕರಣಾಗಾರಗಳು, ಪೈಪ್‌ಲೈನ್‌ಗಳು ಮತ್ತು ವಿದ್ಯುತ್ ಜಾಲ ಎಂಬುದು ಸ್ಪಷ್ಟವಾಗುತ್ತದೆ. ಮುಂದಿನ ಉತ್ತರಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಮೆಕ್ಸಿಕೊ ಕೊಲ್ಲಿಯ ಹರಿಕೇನ್‌ಗಳಿಗೆ ಇಷ್ಟು ಮಹತ್ವ ಏಕೆ?

ತೈಲಬಾವಿ, ಸಂಸ್ಕರಣಾಗಾರ, ಬಂದರು, ಸಂಗ್ರಹಾಗಾರ ಮತ್ತು ಪೈಪ್‌ಲೈನಿನ ಆರಂಭ, ಈ ಐದೂ ಒಂದೇ ಕರಾವಳಿಯಲ್ಲಿ ಇಷ್ಟು ದಟ್ಟವಾಗಿ ಸೇರಿರುವ ಜಾಗಗಳು ಜಗತ್ತಿನಲ್ಲಿ ತೀರಾ ಕಡಿಮೆ. ಅಮೆರಿಕದ ಕಚ್ಚಾ ತೈಲದಲ್ಲಿ ಶೇ 15ರ ಆಸುಪಾಸು ಕೊಲ್ಲಿಯ ಸಮುದ್ರದಡಿಯಿಂದ ಬರುತ್ತದೆ. ಆ ದೇಶದ ಒಟ್ಟು ಸಂಸ್ಕರಣಾ ಸಾಮರ್ಥ್ಯದ ಅರ್ಧದಷ್ಟು ಟೆಕ್ಸಾಸ್ ಮತ್ತು ಲೂಯಿಸಿಯಾನ ರಾಜ್ಯಗಳ ಕರಾವಳಿಯಲ್ಲಿದೆ. ಲೂಯಿಸಿಯಾನದ ಪೋರ್ಟ್ ಫೋರ್ಷಾನ್ ಎಂಬ ಒಂದೇ ಒಂದು ಬಂದರು ಕೊಲ್ಲಿಯ ಆಳಸಮುದ್ರದ ತೈಲ ಚಟುವಟಿಕೆಯ ಬಹುಪಾಲಿಗೆ ಆಹಾರ, ಉಪಕರಣ ಮತ್ತು ಸಿಬ್ಬಂದಿಯನ್ನು ಒದಗಿಸುತ್ತದೆ. ಅಟ್ಲಾಂಟಿಕ್ ಹರಿಕೇನ್ ಹಂಗಾಮು ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಇದ್ದರೂ ಪ್ರಬಲ ಚಂಡಮಾರುತಗಳು ಹೆಚ್ಚಾಗಿ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬರುತ್ತವೆ. ಆ ಹೊತ್ತಿಗೆ ಕೊಲ್ಲಿಯ ನೀರು ಬೇಸಿಗೆಯಿಡೀ ಕಾದಿರುತ್ತದೆ. ಆದ್ದರಿಂದಲೇ ಅಲ್ಲಿಗೆ ಬಂದ ಸಾಧಾರಣ ಬಿರುಗಾಳಿ ಕೂಡ ಒಂದೆರಡು ದಿನಗಳಲ್ಲಿ ಭೀಕರ ರೂಪ ತಾಳಬಹುದು.

ಮೆಕ್ಸಿಕೊ ದೇಶದ ಕಡಲ ತೈಲಕ್ಷೇತ್ರಗಳಿಗೂ ಇದೇ ಅಪಾಯವಿದೆ. 2007ರ ಆಗಸ್ಟ್‌ನಲ್ಲಿ ಡೀನ್ ಹರಿಕೇನ್ ಬಂದಾಗ ಅಲ್ಲಿನ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ಕಂಪೆಚೆ ಪ್ರದೇಶದಿಂದ 18,000ಕ್ಕೂ ಹೆಚ್ಚು ಕೆಲಸಗಾರರನ್ನು ದಡಕ್ಕೆ ತಂದು, ದಿನಕ್ಕೆ ಸುಮಾರು 26 ಲಕ್ಷ ಬ್ಯಾರೆಲ್‌ಗಳ ಉತ್ಪಾದನೆಯನ್ನು ನಿಲ್ಲಿಸಿತ್ತು.

ಚಂಡಮಾರುತ ಇನ್ನೂ ದೂರದಲ್ಲಿರುವಾಗಲೇ ಉತ್ಪಾದನೆ ನಿಲ್ಲಿಸುವುದೇಕೆ?

ಮುಖ್ಯ ಕಾರಣ ಮನುಷ್ಯರು. ಆಳಸಮುದ್ರದ ವೇದಿಕೆಗಳು, ಅಂದರೆ ಬಾವಿಗಳಿಂದ ತೈಲ ತೆಗೆಯಲು ಸಮುದ್ರದ ಮೇಲೆ ನಿಲ್ಲಿಸಿದ ರಚನೆಗಳು, ದಡದಿಂದ 100 ರಿಂದ 300 ಕಿಲೋಮೀಟರ್ ದೂರದಲ್ಲಿವೆ. ಅಲ್ಲಿನ ಸಿಬ್ಬಂದಿ ದಡ ಸೇರಬೇಕಾದದ್ದು ಹೆಲಿಕಾಪ್ಟರ್‌ಗಳಲ್ಲಿ, ಸ್ವಲ್ಪ ಮಟ್ಟಿಗೆ ದೋಣಿಗಳಲ್ಲಿ. ಗಾಳಿ ಜೋರಾದರೆ ಹೆಲಿಕಾಪ್ಟರ್‌ಗಳು ಹಾರುವಂತಿಲ್ಲ. ಹೀಗಾಗಿ ಚಂಡಮಾರುತದ ಹೊರ ಅಂಚು ತಲುಪುವ ಮೊದಲೇ ಕೊನೆಯ ವ್ಯಕ್ತಿಯೂ ಹೊರಟಿರಬೇಕು. ಮೊದಲು ಉತ್ಪಾದನೆಗೆ ಅಗತ್ಯವಿಲ್ಲದ ಸಿಬ್ಬಂದಿಯನ್ನು ಕಳುಹಿಸುತ್ತಾರೆ, ಕೊರೆಯುವ ಕೆಲಸವನ್ನು ಸುರಕ್ಷಿತ ಹಂತದಲ್ಲಿ ನಿಲ್ಲಿಸುತ್ತಾರೆ, ಸ್ವಂತ ಎಂಜಿನ್ ಇರುವ ಕೊರೆಯುವ ಹಡಗುಗಳು ಚಂಡಮಾರುತದ ದಾರಿಯಿಂದ ಸರಿದು ಹೋಗುತ್ತವೆ, ಕೊನೆಗೆ ಬಾವಿಗಳನ್ನು ಮುಚ್ಚಿ ಉಳಿದವರು ಹೊರಡುತ್ತಾರೆ. ಇದಿಷ್ಟಕ್ಕೆ ಎರಡು ಮೂರು ದಿನ ಬೇಕು.

ಆದರೆ ಚಂಡಮಾರುತ ಅಷ್ಟು ಸಮಯ ಕೊಡುತ್ತದೆ ಎಂಬ ಖಾತ್ರಿಯಿಲ್ಲ. 2021ರಲ್ಲಿ ಐಡಾ ಆಗಸ್ಟ್ 26ರಂದು ಕೆರಿಬಿಯನ್ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿ ಕಾಣಿಸಿಕೊಂಡು, 29ರಂದು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಪೋರ್ಟ್ ಫೋರ್ಷಾನ್ ಬಳಿಯೇ ನೆಲಕ್ಕಪ್ಪಳಿಸಿತು. ಆ ಮೂರು ದಿನಗಳಲ್ಲಿ 280ಕ್ಕೂ ಹೆಚ್ಚು ವೇದಿಕೆಗಳನ್ನು ತೆರವುಗೊಳಿಸಲಾಯಿತು. ಕೊಲ್ಲಿಯ ಅಮೆರಿಕ ಭಾಗದ ತೈಲ ಉತ್ಪಾದನೆಯಲ್ಲಿ ಶೇ 95ಕ್ಕೂ ಹೆಚ್ಚು ನಿಂತಿತು. ಪಥ ಬದಲಾಗಿ ಚಂಡಮಾರುತ ಬೇರೆಡೆಗೆ ಹೋದರೆ ಈ ಶ್ರಮ ಮತ್ತು ನಷ್ಟ ವ್ಯರ್ಥವಾಯಿತೆಂದು ಟೀಕಿಸುವವರಿದ್ದಾರೆ. ಆ ಟೀಕೆ ನ್ಯಾಯವಲ್ಲ. ನಿಂತ ಉತ್ಪಾದನೆಯನ್ನು ಮತ್ತೆ ಆರಂಭಿಸಬಹುದು; ವೇದಿಕೆಯ ಮೇಲೆ ಸಿಕ್ಕಿಬಿದ್ದವರನ್ನು ಅಂತಹ ಸಮುದ್ರದಲ್ಲಿ ರಕ್ಷಿಸುವ ದಾರಿಯೇ ಇರುವುದಿಲ್ಲ.

ಮನುಷ್ಯರಿಲ್ಲದ ಬಾವಿಯಿಂದ ತೈಲ ಸಮುದ್ರಕ್ಕೆ ಸೋರುವುದಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಬಾವಿಯ ಕೊಳವೆಯೊಳಗೆ, ಸಮುದ್ರದ ತಳಕ್ಕಿಂತಲೂ ಕೆಳಗೆ, ಸುರಕ್ಷತಾ ಕವಾಟವೊಂದು ಇರುತ್ತದೆ. ಮೇಲಿನಿಂದ ಬರುವ ದ್ರವದ ಒತ್ತಡ ಅದನ್ನು ತೆರೆದಿಟ್ಟಿರುತ್ತದೆ. ಒತ್ತಡ ತಪ್ಪಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ವೇದಿಕೆಯೇ ಕಿತ್ತುಹೋದರೂ ಬಾವಿ ಮುಚ್ಚಿರಲಿ ಎಂಬುದು ಇದರ ಉದ್ದೇಶ. 2005ರ ಕತ್ರೀನಾ ಮತ್ತು ರೀಟಾ ಹರಿಕೇನ್‌ಗಳಲ್ಲಿ ನೂರಕ್ಕೂ ಹೆಚ್ಚು ವೇದಿಕೆಗಳು ನಾಶವಾದರೂ ಬಾವಿಗಳಿಂದ ದೊಡ್ಡ ಪ್ರಮಾಣದ ಸೋರಿಕೆ ಆಗದಿರಲು ಈ ಕವಾಟಗಳೇ ಕಾರಣ.

ಆದರೂ ಒಂದು ಪ್ರಕರಣವನ್ನು ಮರೆಯುವಂತಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಹರಿಕೇನಿನ ಅಲೆಗಳು ಮಿಸಿಸಿಪ್ಪಿ ನದಿಮುಖದ ಬಳಿ ಸಮುದ್ರತಳದ ಸಡಿಲ ಮಣ್ಣನ್ನು ಕುಸಿಯುವಂತೆ ಮಾಡಿದವು. ಆ ಕುಸಿತ ಟೇಲರ್ ಎನರ್ಜಿ ಕಂಪನಿಯ ವೇದಿಕೆಯನ್ನು ಉರುಳಿಸಿ, ಅದರ ಬಾವಿಗಳ ಮೇಲ್ಭಾಗವನ್ನು ಆಳವಾದ ಕೆಸರಿನಡಿ ಹೂತುಬಿಟ್ಟಿತು. ಅಲ್ಲಿಂದ ವರ್ಷಗಟ್ಟಲೆ ತೈಲ ಸೋರುತ್ತಲೇ ಇತ್ತು. ಸೋರುವ ತೈಲವನ್ನು ಸಮುದ್ರದಡಿಯಲ್ಲೇ ಹಿಡಿದಿಡುವ ವ್ಯವಸ್ಥೆ ಅಮೆರಿಕದ ಕರಾವಳಿ ಕಾವಲು ಪಡೆಯ ಮೇಲ್ವಿಚಾರಣೆಯಲ್ಲಿ ಅಳವಡಿಕೆಯಾದದ್ದು 2019ರಲ್ಲಿ.

ದಡದ ಮೇಲಿನ ಟ್ಯಾಂಕುಗಳ ಕಥೆ ಇನ್ನೂ ನೋವಿನದು. ಕತ್ರೀನಾ ಪ್ರವಾಹದಲ್ಲಿ ಲೂಯಿಸಿಯಾನದ ಮೆರೋ ಎಂಬಲ್ಲಿದ್ದ ಸಂಸ್ಕರಣಾಗಾರದ ಸಂಗ್ರಹ ಟ್ಯಾಂಕೊಂದು ನೀರಿನಲ್ಲಿ ಮೇಲೆದ್ದು ಜರುಗಿ, ಸುಮಾರು 25,000 ಬ್ಯಾರೆಲ್ ಕಚ್ಚಾ ತೈಲ ಹರಿದು ಪಕ್ಕದ ವಸತಿ ಪ್ರದೇಶದ ಮನೆಗಳಿಗೆ ನುಗ್ಗಿತು. ಪೂರ್ತಿ ತುಂಬಿರದ ಟ್ಯಾಂಕ್ ಪ್ರವಾಹದಲ್ಲಿ ತೇಲಬಲ್ಲದು ಎಂಬುದು ಅಲ್ಲಿನ ಜನರಿಗೆ ತಿಳಿದದ್ದು ಹೀಗೆ.

ವೇದಿಕೆಗಳಿಗೆ ಹಾನಿ ಮಾಡುವುದು ಗಾಳಿಯೋ, ಅಲೆಯೋ?

ಹೆಚ್ಚಾಗಿ ಅಲೆ. ಐವನ್ ಸಮಯದಲ್ಲಿ ಸಮುದ್ರತಳದ ಉಪಕರಣಗಳು ಸುಮಾರು 28 ಮೀಟರ್ ಎತ್ತರದ ಅಲೆಯೊಂದನ್ನು ದಾಖಲಿಸಿದ್ದವು. ಅಲೆಯ ತುದಿ ವೇದಿಕೆಯ ಕಾಲುಗಳ ನಡುವೆ ಹಾದುಹೋದರೆ ರಚನೆ ತಾಳಿಕೊಳ್ಳುತ್ತದೆ. ಅದೇ ಅಲೆ ಮೇಲಿನ ಅಟ್ಟಕ್ಕೆ ಬಡಿದರೆ ಬಲವು ಹಲವು ಪಟ್ಟು ಹೆಚ್ಚಿ ಇಡೀ ರಚನೆ ಉರುಳಬಹುದು. ಹಳೆಯ ವೇದಿಕೆಗಳ ಅಟ್ಟಗಳು ತಗ್ಗಿನಲ್ಲಿದ್ದುದರಿಂದ 2005ರಲ್ಲಿ ಅವೇ ಹೆಚ್ಚಾಗಿ ಬಿದ್ದವು. ಆ ವರ್ಷದ ನಂತರ ವಿನ್ಯಾಸದ ಮಾನದಂಡಗಳನ್ನು ಬಿಗಿಗೊಳಿಸಲಾಯಿತು.

ಹೊಸ ವೇದಿಕೆಗಳಿಗೂ ಪೆಟ್ಟು ಬಿದ್ದದ್ದುಂಟು. ಕತ್ರೀನಾದಲ್ಲಿ ಶೆಲ್ ಕಂಪನಿಯ ಮಾರ್ಸ್ ವೇದಿಕೆಯ ಕೊರೆಯುವ ಗೋಪುರ ಮುರಿದುಬಿದ್ದು, ಉತ್ಪಾದನೆ ಮರಳಿದ್ದು 2006ರ ಮೇ ತಿಂಗಳಲ್ಲಿ. ರೀಟಾದಲ್ಲಿ ಶೆವ್ರಾನ್‌ನ ಟೈಫೂನ್ ಎಂಬ ತೇಲುವ ವೇದಿಕೆ ಲಂಗರಿನಿಂದ ಕಿತ್ತುಬಂದು ಮಗುಚಿಕೊಂಡಿತು. ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ: ಚಂಡಮಾರುತದ ನಂತರ ಕಂಡ ಹಾನಿಯೆಲ್ಲ ಚಂಡಮಾರುತದ್ದೇ ಆಗಿರಬೇಕೆಂದಿಲ್ಲ. 2005ರ ಜುಲೈನಲ್ಲಿ ಡೆನಿಸ್ ಹಾದುಹೋದ ಮೇಲೆ ಬಿಪಿ ಕಂಪನಿಯ ಥಂಡರ್ ಹಾರ್ಸ್ ವೇದಿಕೆ ಒಂದು ಬದಿಗೆ ಅಪಾಯಕಾರಿಯಾಗಿ ವಾಲಿ ನಿಂತಿತ್ತು. ತನಿಖೆಯಲ್ಲಿ ಹೊರಬಂದದ್ದು, ವೇದಿಕೆಯ ಸಮತೋಲನಕ್ಕಾಗಿ ನೀರು ತುಂಬಿಸುವ ಕೊಳವೆ ವ್ಯವಸ್ಥೆಯಲ್ಲಿದ್ದ ದೋಷ.

ವೇದಿಕೆಗಿಂತ ಸಮುದ್ರತಳದ ಪೈಪ್‌ಲೈನ್‌ಗಳ ಹಾನಿಯನ್ನು ಪತ್ತೆಹಚ್ಚುವುದು ಕಷ್ಟ. ಕತ್ರೀನಾ ಮತ್ತು ರೀಟಾ ಸೇರಿ 450ಕ್ಕೂ ಹೆಚ್ಚು ಪೈಪ್‌ಲೈನ್‌ಗಳಿಗೆ ಹಾನಿ ಮಾಡಿದ್ದವು. ಕೆಲವನ್ನು ಕೆಸರಿನ ಕುಸಿತ ಎಳೆದೊಯ್ದಿತು, ಕೆಲವಕ್ಕೆ ಅಲೆದಾಡುತ್ತಿದ್ದ ಕೊರೆಯುವ ರಿಗ್‌ಗಳ ಲಂಗರುಗಳು ಸಿಕ್ಕಿಕೊಂಡವು.

ಹಾನಿಯೇ ಆಗದಿದ್ದರೂ ಉತ್ಪಾದನೆ ಮರಳಲು ವಾರಗಳು ಬೇಕಾಗುವುದೇಕೆ?

ಬಾವಿ, ವೇದಿಕೆ, ಪೈಪ್‌ಲೈನ್, ದಡದ ಘಟಕ ಇವು ಒಂದಕ್ಕೊಂದು ಜೋಡಿಕೊಂಡಿರುವುದರಿಂದ. ವೇದಿಕೆ ಸುಸ್ಥಿತಿಯಲ್ಲಿದ್ದರೂ ಅದರ ತೈಲವನ್ನು ಸಾಗಿಸುವ ಪೈಪ್‌ಲೈನ್ ಪರಿಶೀಲನೆಯಾಗದೆ ತೆರೆಯುವಂತಿಲ್ಲ. ಪೈಪ್‌ಲೈನ್ ಸರಿಯಿದ್ದರೂ ಅದು ತಲುಪುವ ದಡದ ಘಟಕಕ್ಕೆ ವಿದ್ಯುತ್ ಇಲ್ಲದಿದ್ದರೆ ತೈಲವನ್ನು ಇಳಿಸಿಕೊಳ್ಳುವವರಿಲ್ಲ. ಐಡಾ ಇದಕ್ಕೆ ಸ್ಪಷ್ಟ ಉದಾಹರಣೆ. ಆಗ ಬಹುತೇಕ ಆಳಸಮುದ್ರದ ವೇದಿಕೆಗಳು ಉಳಿದುಕೊಂಡವು. ಆದರೆ ಹಲವು ಕ್ಷೇತ್ರಗಳ ತೈಲ ಒಂದುಗೂಡಿ ಹಾದುಹೋಗುವ ವೆಸ್ಟ್ ಡೆಲ್ಟಾ 143 ಎಂಬ ವರ್ಗಾವಣೆ ವೇದಿಕೆಗೆ ಪೆಟ್ಟು ಬಿದ್ದು, ಅದನ್ನು ಅವಲಂಬಿಸಿದ್ದ ದೊಡ್ಡ ವೇದಿಕೆಗಳು ನವೆಂಬರ್‌ವರೆಗೆ ಸುಮ್ಮನೆ ನಿಲ್ಲಬೇಕಾಯಿತು. ಪೋರ್ಟ್ ಫೋರ್ಷಾನ್‌ನ ನೆಲೆಗಳು ಹಾಳಾಗಿದ್ದುದರಿಂದ ಸಿಬ್ಬಂದಿಯನ್ನು ವಾಪಸು ಕಳುಹಿಸುವುದೂ ಕಷ್ಟವಾಯಿತು. ಎರಡು ವಾರ ಕಳೆದರೂ ಕೊಲ್ಲಿಯ ತೈಲ ಉತ್ಪಾದನೆಯ ಅರ್ಧದ ಆಸುಪಾಸು ನಿಂತೇ ಇತ್ತು.

ಇನ್ನೊಂದು ಕಾರಣವನ್ನು ವರದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಮರಳಿ ಬರಬೇಕಾದ ಕೆಲಸಗಾರರ ಮನೆಗಳೂ ಅದೇ ಕರಾವಳಿಯಲ್ಲಿರುತ್ತವೆ. ಮನೆಯ ಛಾವಣಿ ಹಾರಿಹೋದವರು, ಕುಟುಂಬವನ್ನು ಬೇರೆ ಊರಿಗೆ ಕಳುಹಿಸಿದವರು ಕೆಲಸಕ್ಕೆ ಹಾಜರಾಗಲು ಸಮಯ ಬೇಕು; ಅದನ್ನು ತಾಂತ್ರಿಕ ವಿಳಂಬವೆಂದು ಮಾತ್ರ ಎಣಿಸುವುದು ತಪ್ಪು.

ಸಂಸ್ಕರಣಾಗಾರಗಳನ್ನು ಚಂಡಮಾರುತ ಹೇಗೆ ಕಾಡುತ್ತದೆ?

ನೀರು ಮತ್ತು ವಿದ್ಯುತ್ ಕಡಿತ, ಇವೆರಡರ ಮೂಲಕ. ಕಚ್ಚಾ ತೈಲವನ್ನು ಪೆಟ್ರೋಲ್, ಡೀಸೆಲ್, ವಿಮಾನ ಇಂಧನಗಳಾಗಿ ಬೇರ್ಪಡಿಸುವ ಘಟಕಗಳು ಹಗಲಿರುಳು ನೂರಾರು ಡಿಗ್ರಿ ತಾಪದಲ್ಲಿ ಓಡುತ್ತಿರುತ್ತವೆ. ಅವುಗಳಿಗೆ ಏಕಕಾಲಕ್ಕೆ ವಿದ್ಯುತ್, ಹಬೆ, ತಂಪು ನೀರು, ಜಲಜನಕ ಎಲ್ಲವೂ ಬೇಕು. ಯೋಜನೆಯಂತೆ ಹಂತಹಂತವಾಗಿ ನಿಲ್ಲಿಸಿದರೆ ಘಟಕ ಸುರಕ್ಷಿತವಾಗಿರುತ್ತದೆ. ವಿದ್ಯುತ್ ಇದ್ದಕ್ಕಿದ್ದಂತೆ ಕಡಿದರೆ ಬಿಸಿ ತೈಲ ಕೊಳವೆಗಳಲ್ಲೇ ಗಟ್ಟಿಯಾಗಬಹುದು, ಅನಿಲಗಳನ್ನು ಹೊರಗೆ ಉರಿಸಬೇಕಾಗಬಹುದು. ಹೀಗಾಗಿ ಕಂಪನಿಗಳು ಚಂಡಮಾರುತ ಬರುವ ಮೊದಲೇ ನಿಲ್ಲಿಸಲು ಬಯಸುತ್ತವೆ. ಮತ್ತೆ ಆರಂಭಿಸಲು ಏನೂ ಹಾಳಾಗದಿದ್ದರೂ ಒಂದೆರಡು ವಾರ ಹಿಡಿಯುವುದು ಸಾಮಾನ್ಯ, ಏಕೆಂದರೆ ತಾಪವನ್ನು ನಿಧಾನವಾಗಿ ಏರಿಸಬೇಕು, ಮತ್ತು ಸಂಸ್ಕರಣಾಗಾರಗಳಲ್ಲಿ ಅಪಘಾತದ ಸಂಭವ ಹೆಚ್ಚಿರುವುದು ಆರಂಭಿಸುವ, ನಿಲ್ಲಿಸುವ ಹೊತ್ತಿನಲ್ಲೇ.

ಪ್ರವಾಹದ ನೀರು ಒಳಹೊಕ್ಕರೆ ಲೆಕ್ಕ ವಾರಗಳಿಂದ ತಿಂಗಳುಗಳಿಗೆ ಹೋಗುತ್ತದೆ. ನೆಲಮಟ್ಟದಲ್ಲಿರುವ ಪಂಪುಗಳು, ಮೋಟಾರುಗಳು, ವಿದ್ಯುತ್ ಫಲಕಗಳು ಉಪ್ಪುನೀರಿನಲ್ಲಿ ನೆನೆದರೆ ಒಂದೊಂದನ್ನೂ ಬಿಚ್ಚಿ ಒಣಗಿಸಬೇಕು ಅಥವಾ ಬದಲಾಯಿಸಬೇಕು. ನ್ಯೂ ಆರ್ಲಿಯನ್ಸ್‌ನ ದಕ್ಷಿಣಕ್ಕೆ ಮಿಸಿಸಿಪ್ಪಿ ದಂಡೆಯಲ್ಲಿದ್ದ ಫಿಲಿಪ್ಸ್ 66 ಕಂಪನಿಯ ಅಲಯನ್ಸ್ ಸಂಸ್ಕರಣಾಗಾರಕ್ಕೆ ಐಡಾ ಪ್ರವಾಹ ನುಗ್ಗಿತು. ದಿನಕ್ಕೆ ಎರಡೂವರೆ ಲಕ್ಷ ಬ್ಯಾರೆಲ್ ಸಂಸ್ಕರಿಸುತ್ತಿದ್ದ ಆ ಘಟಕ ಮತ್ತೆ ತೆರೆಯಲೇ ಇಲ್ಲ; ಅದನ್ನು ಸಂಗ್ರಹಾಗಾರವಾಗಿ ಬದಲಾಯಿಸುವುದಾಗಿ ಕಂಪನಿ ಅದೇ ವರ್ಷ ಪ್ರಕಟಿಸಿತು.

ಪೆಟ್ರೋಲ್ ಬೆಲೆ ಏರುವಾಗ ಕಚ್ಚಾ ತೈಲದ ಬೆಲೆ ಇಳಿಯುವುದೂ ಉಂಟಂತೆ. ಅದು ಹೇಗೆ ಸಾಧ್ಯ?

ಕಚ್ಚಾ ತೈಲವನ್ನು ಕೊಳ್ಳುವವರು ಸಂಸ್ಕರಣಾಗಾರಗಳು. ಅವು ಮುಚ್ಚಿದರೆ ಕಚ್ಚಾ ತೈಲಕ್ಕೆ ಕೊಳ್ಳುವವರಿಲ್ಲ, ಅದೇ ಹೊತ್ತಿಗೆ ಪೆಟ್ರೋಲ್ ತಯಾರಿಸುವವರೂ ಇಲ್ಲ. ಒಂದರ ದಾಸ್ತಾನು ಬೆಳೆಯುತ್ತದೆ, ಇನ್ನೊಂದರದು ಕರಗುತ್ತದೆ.

2017ರ ಹಾರ್ವಿ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿತು. ಆಗಸ್ಟ್ 25ರಂದು ಟೆಕ್ಸಾಸ್ ತೀರವನ್ನು ದಾಟಿದ ಹಾರ್ವಿ ಅಲ್ಲೇ ದಿನಗಟ್ಟಲೆ ಸುಳಿದಾಡಿ ಮಳೆ ಸುರಿಸಿತು. ನೆಡರ್‌ಲ್ಯಾಂಡ್ ಎಂಬಲ್ಲಿ 1,500 ಮಿಲಿಮೀಟರ್‌ಗೂ ಹೆಚ್ಚು ಮಳೆ ದಾಖಲಾಯಿತು. ಸಮುದ್ರದ ಉತ್ಪಾದನೆಯಲ್ಲಿ ನಿಂತದ್ದು ಸುಮಾರು ಕಾಲು ಭಾಗ ಮಾತ್ರ. ಆದರೆ ಹ್ಯೂಸ್ಟನ್, ಕಾರ್ಪಸ್ ಕ್ರಿಸ್ಟಿ, ಪೋರ್ಟ್ ಆರ್ಥರ್ ಸುತ್ತಲಿನ ಸಂಸ್ಕರಣಾಗಾರಗಳು ಸಾಲಾಗಿ ಮುಚ್ಚಿ, ಅಮೆರಿಕದ ಒಟ್ಟು ಸಂಸ್ಕರಣಾ ಸಾಮರ್ಥ್ಯದ ಐದನೇ ಒಂದು ಭಾಗಕ್ಕೂ ಹೆಚ್ಚು ಸ್ಥಗಿತವಾಯಿತು. ಆಗ ದೇಶದ ಅತಿ ದೊಡ್ಡ ಸಂಸ್ಕರಣಾಗಾರವಾಗಿದ್ದ ಪೋರ್ಟ್ ಆರ್ಥರ್‌ನ ಮೋಟಿವಾ ಕೂಡ ನಿಂತಿತು. ಕಚ್ಚಾ ತೈಲದ ಬೆಲೆ ಕುಸಿಯಿತು; ಪೆಟ್ರೋಲಿನ ಸರಾಸರಿ ಚಿಲ್ಲರೆ ಬೆಲೆ ಒಂದೇ ವಾರದಲ್ಲಿ ಗ್ಯಾಲನ್‌ಗೆ 2.40 ಡಾಲರ್‌ನಿಂದ 2.68 ಡಾಲರ್‌ಗೆ ಏರಿತು. ಕತ್ರೀನಾ ಮಾತ್ರ ಬಾವಿ ಮತ್ತು ಸಂಸ್ಕರಣಾಗಾರ ಎರಡನ್ನೂ ಒಟ್ಟಿಗೆ ಹೊಡೆದಿತ್ತು. ಆಗ ಗ್ಯಾಲನ್ ಪೆಟ್ರೋಲಿನ ಸರಾಸರಿ ಬೆಲೆ ಒಂದು ವಾರದಲ್ಲಿ 2.61 ಡಾಲರ್‌ನಿಂದ 3.07 ಡಾಲರ್‌ಗೆ ಜಿಗಿದಿತ್ತು.

ಚಂಡಮಾರುತ ಹತ್ತಿರವೂ ಸುಳಿಯದ ಊರುಗಳಲ್ಲಿ ಬಂಕುಗಳು ಖಾಲಿಯಾಗುವುದೇಕೆ?

ಪೈಪ್‌ಲೈನ್ ದೂರದ ಊರುಗಳನ್ನು ಕರಾವಳಿಗೆ ಕಟ್ಟಿಹಾಕಿರುವುದರಿಂದ. ಹ್ಯೂಸ್ಟನ್‌ನಿಂದ ನ್ಯೂಜೆರ್ಸಿಯವರೆಗೆ ಸುಮಾರು 8,850 ಕಿಲೋಮೀಟರ್ ಜಾಲ ಹೊಂದಿರುವ ಕಲೋನಿಯಲ್ ಪೈಪ್‌ಲೈನ್, ಅಮೆರಿಕದ ಪೂರ್ವ ಕರಾವಳಿ ಬಳಸುವ ಇಂಧನದ ಸುಮಾರು ಶೇ 45ನ್ನು ಸಾಗಿಸುತ್ತದೆ. ಅದರೊಳಗೆ ಇಂಧನ ಚಲಿಸುವುದು ಮನುಷ್ಯ ನಡೆಯುವ ವೇಗದಲ್ಲಿ. ಹ್ಯೂಸ್ಟನ್‌ನಲ್ಲಿ ತುಂಬಿದ ಪೆಟ್ರೋಲ್ ನ್ಯೂಯಾರ್ಕ್ ಬಂದರು ಪ್ರದೇಶವನ್ನು ತಲುಪಲು ಎರಡು ವಾರಕ್ಕೂ ಹೆಚ್ಚು ಬೇಕು. ಒಂದು ತುದಿಯಲ್ಲಿ ತುಂಬುವವರಿಲ್ಲದಿದ್ದರೆ ಇನ್ನೊಂದು ತುದಿಗೆ ಬರುವುದೂ ನಿಲ್ಲುತ್ತದೆ, ಆದರೆ ತಡವಾಗಿ. ಕೊರತೆ ಚಂಡಮಾರುತದ ದಿನ ಕಾಣದೆ, ಜನ ಅದನ್ನು ಮರೆಯುವ ಹೊತ್ತಿಗೆ ಕಾಣಿಸಿಕೊಳ್ಳುವುದು ಇದರಿಂದಲೇ.

2008ರ ಸೆಪ್ಟೆಂಬರ್‌ನಲ್ಲಿ ಗುಸ್ತಾವ್ ಮತ್ತು ಐಕ್ ಎರಡು ವಾರಗಳೊಳಗೆ ಒಂದರ ಹಿಂದೊಂದು ಬಂದಾಗ ಅಟ್ಲಾಂಟಾ, ನ್ಯಾಶ್‌ವಿಲ್, ಶಾರ್ಲೆಟ್ ನಗರಗಳಲ್ಲಿ ಪೆಟ್ರೋಲಿಗಾಗಿ ಉದ್ದನೆಯ ಸಾಲುಗಳು ನಿಂತವು. ಈ ಒಳನಾಡಿನ ನಗರಗಳಿಗೆ ಹಡಗಿನಲ್ಲಿ ಇಂಧನ ತರಿಸುವ ದಾರಿಯಿಲ್ಲ. ಜೊತೆಗೆ ಬೇಸಿಗೆಯ ಕೊನೆಯಲ್ಲಿ ದಾಸ್ತಾನು ಮೊದಲೇ ತೆಳುವಾಗಿತ್ತು. ಕೊರತೆಯ ಸುದ್ದಿ ಹರಡಿದಂತೆ ಅರ್ಧ ತುಂಬಿದ ಟ್ಯಾಂಕಿನವರೂ ಸಾಲಿಗೆ ಸೇರುತ್ತಾರೆ, ಬಂಕುಗಳು ಇನ್ನೂ ಬೇಗ ಬರಿದಾಗುತ್ತವೆ. ಅವರನ್ನು ದೂರುವುದು ಸುಲಭ. ಆದರೆ ನಾಳೆ ಆಸ್ಪತ್ರೆಗೋ ಕೆಲಸಕ್ಕೋ ಹೋಗಲೇಬೇಕಾದವರ ಭಯ ಸುಳ್ಳಲ್ಲ.

ಫ್ಲೋರಿಡಾದಲ್ಲಿ ಪ್ರತಿ ಬಾರಿಯೂ ಇಂಧನದ ಅಭಾವ ಏಕೆ?

ಅಲ್ಲಿ ಸಂಸ್ಕರಣಾಗಾರಗಳಿಲ್ಲ, ಟೆಕ್ಸಾಸ್‌ನಿಂದ ಬರುವ ದೊಡ್ಡ ಇಂಧನ ಪೈಪ್‌ಲೈನೂ ಇಲ್ಲ. ಹೆಚ್ಚಿನ ಪೆಟ್ರೋಲ್ ಟ್ಯಾಂಪಾ ಮತ್ತು ಪೋರ್ಟ್ ಎವರ್‌ಗ್ಲೇಡ್ಸ್‌ನಂತಹ ಬಂದರುಗಳಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ಟ್ಯಾಂಕರ್ ಲಾರಿಗಳಲ್ಲಿ ಊರೂರಿಗೆ ಹೋಗುತ್ತದೆ. ಲಕ್ಷಾಂತರ ಜನ ಊರು ಬಿಡಲು ಹೊರಟು ಬೇಡಿಕೆ ಹೆಚ್ಚುವ ಹೊತ್ತಿನಲ್ಲೇ ಬಂದರು ಮುಚ್ಚುತ್ತದೆ. 2017ರ ಇರ್ಮಾ ಮತ್ತು 2024ರ ಮಿಲ್ಟನ್ ಎರಡರಲ್ಲೂ ಹೀಗೆಯೇ ಆಯಿತು.

ನೆಲದಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಬಂಕ್ ಮುಚ್ಚಿರುವುದು ಏಕೆ?

ಪಂಪ್ ಓಡಲು ವಿದ್ಯುತ್ ಬೇಕು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ನ್ಯೂಜೆರ್ಸಿ ತೀರಕ್ಕೆ ಬಡಿದಾಗ ನ್ಯೂಯಾರ್ಕ್ ಪ್ರದೇಶದ ಸಾವಿರಾರು ಬಂಕುಗಳು ವಿದ್ಯುತ್ತಿಲ್ಲದೆ ನಿಂತವು. ಲಿಂಡನ್‌ನ ಬೇವೇ ಸಂಸ್ಕರಣಾಗಾರಕ್ಕೂ ಬಂದರಿನ ಸಂಗ್ರಹಾಗಾರಗಳಿಗೂ ನೀರು ನುಗ್ಗಿತ್ತು. ನ್ಯೂಜೆರ್ಸಿಯ 12 ಕೌಂಟಿಗಳಲ್ಲಿ (ಜಿಲ್ಲೆಯಂತಹ ಆಡಳಿತ ವಿಭಾಗಗಳು) ನವೆಂಬರ್ 3ರಿಂದ, ನ್ಯೂಯಾರ್ಕ್ ನಗರದಲ್ಲಿ ನವೆಂಬರ್ 9ರಿಂದ, ವಾಹನದ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಸಮವೋ ಬೆಸವೋ ಎಂಬುದರ ಆಧಾರದಲ್ಲಿ ದಿನ ಬಿಟ್ಟು ದಿನ ಪೆಟ್ರೋಲ್ ಕೊಡಲಾಯಿತು. ಹೆದ್ದಾರಿ ಮತ್ತು ತೆರವು ಮಾರ್ಗಗಳ ಬಳಿಯ ಬಂಕುಗಳು ಜನರೇಟರ್ ಜೋಡಿಸುವ ವ್ಯವಸ್ಥೆ ಹೊಂದಿರಬೇಕೆಂದು ನ್ಯೂಯಾರ್ಕ್ ಆ ನಂತರ ಕಡ್ಡಾಯ ಮಾಡಿತು. ಇಲ್ಲಿ ಹೇಳಿದ ಕ್ರಮಗಳಲ್ಲೆಲ್ಲ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಜನರಿಗೆ ನೆರವಾಗುವ ಕ್ರಮ ಇನ್ನೊಂದಿಲ್ಲ ಎಂದೇ ಹೇಳಬೇಕು.

ಸರ್ಕಾರದ ತುರ್ತು ತೈಲ ಸಂಗ್ರಹದಿಂದ ಕೊರತೆ ನೀಗುವುದಿಲ್ಲವೇ?

ಭಾಗಶಃ ಮಾತ್ರ. 1975ರ ಕಾನೂನಿನಿಂದ ಸ್ಥಾಪಿತವಾದ ಅಮೆರಿಕದ ಕಾರ್ಯತಂತ್ರದ ಪೆಟ್ರೋಲಿಯಂ ಸಂಗ್ರಹದಲ್ಲಿ ಇರುವುದು ಕಚ್ಚಾ ತೈಲ. ಟೆಕ್ಸಾಸ್ ಮತ್ತು ಲೂಯಿಸಿಯಾನದ ನಾಲ್ಕು ಜಾಗಗಳಲ್ಲಿ, ನೆಲದಾಳದ ಉಪ್ಪಿನ ಗುಹೆಗಳಲ್ಲಿ ಅದನ್ನು ಇಡಲಾಗಿದೆ. ಬಾವಿಗಳು ನಿಂತು ಸಂಸ್ಕರಣಾಗಾರಗಳು ಓಡುತ್ತಿದ್ದರೆ ಈ ಸಂಗ್ರಹ ಬಹಳ ಉಪಯುಕ್ತ. ಸಂಸ್ಕರಣಾಗಾರಗಳೇ ಮುಚ್ಚಿದ್ದರೆ ಅದು ಬಳಸಲಾಗದ ಸರಕು. ಹಾರ್ವಿ ಸಮಯದಲ್ಲಿ, ಹಡಗು ಸಂಚಾರ ನಿಂತು ಕಚ್ಚಾ ತೈಲ ಸಿಗದಿದ್ದರೂ ಓಡುವ ಸ್ಥಿತಿಯಲ್ಲಿದ್ದ ಕೆಲವು ಸಂಸ್ಕರಣಾಗಾರಗಳಿಗೆ ಸುಮಾರು 52 ಲಕ್ಷ ಬ್ಯಾರೆಲ್ ಸಾಲವಾಗಿ ಕೊಡಲಾಯಿತು.

ಕತ್ರೀನಾದ ನಂತರ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಟ್ಟಾಗಿ 6 ಕೋಟಿ ಬ್ಯಾರೆಲ್ ಬಿಡುಗಡೆಗೆ ಒಪ್ಪಿದ್ದವು. ಅದರಲ್ಲಿ ನಿಜವಾಗಿ ನೆರವಾದದ್ದು ಯೂರೋಪಿನಿಂದ ಹಡಗಿನಲ್ಲಿ ಬಂದ ಸಿದ್ಧ ಪೆಟ್ರೋಲ್. ಸ್ಯಾಂಡಿಯ ಪಾಠದಿಂದ 2014ರಲ್ಲಿ ಅಮೆರಿಕ ಸರ್ಕಾರ ಈಶಾನ್ಯ ರಾಜ್ಯಗಳಿಗಾಗಿ 10 ಲಕ್ಷ ಬ್ಯಾರೆಲ್‌ಗಳ ಪೆಟ್ರೋಲ್ ಸಂಗ್ರಹವೊಂದನ್ನು ರಚಿಸಿತ್ತು. 2024ರಲ್ಲಿ ಅದನ್ನು ಮಾರಿಬಿಡಲಾಯಿತು. ದಾಸ್ತಾನು ಚಿಕ್ಕದು, ಇಟ್ಟುಕೊಳ್ಳುವ ವೆಚ್ಚ ದೊಡ್ಡದು ಎಂಬ ವಾದದಲ್ಲಿ ಹುರುಳಿದ್ದರೂ, ಅದರ ಜಾಗಕ್ಕೆ ಬೇರೇನನ್ನೂ ತರದೆ ಕೈಬಿಟ್ಟದ್ದು ಚಿಂತೆಯ ವಿಷಯ.

ತುರ್ತಿನಲ್ಲಿ ಯಾವ ನಿಯಮಗಳನ್ನು ಸಡಿಲಿಸುತ್ತಾರೆ?

ಮುಖ್ಯವಾಗಿ ಮೂರು. ಬೇಸಿಗೆಯಲ್ಲಿ ಕಡಿಮೆ ಆವಿಯಾಗುವ ಪೆಟ್ರೋಲನ್ನೇ ಮಾರಬೇಕೆಂಬ ಪರಿಸರ ನಿಯಮ, ಅಮೆರಿಕದ ಬಂದರುಗಳ ನಡುವೆ ಅಮೆರಿಕದಲ್ಲೇ ಕಟ್ಟಿದ ಹಡಗುಗಳು ಮಾತ್ರ ಸರಕು ಸಾಗಿಸಬೇಕೆಂಬ ಜೋನ್ಸ್ ಕಾಯ್ದೆ, ಮತ್ತು ಟ್ಯಾಂಕರ್ ಚಾಲಕರು ದಿನಕ್ಕೆ ಇಷ್ಟೇ ಗಂಟೆ ಓಡಿಸಬೇಕೆಂಬ ಮಿತಿ. ಕತ್ರೀನಾ, ಸ್ಯಾಂಡಿ, ಹಾರ್ವಿ ಮೂರರಲ್ಲೂ ಜೋನ್ಸ್ ಕಾಯ್ದೆಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿತ್ತು.

ಒಳನಾಡಿನ ಶೇಲ್ ತೈಲ (ಪದರಗಲ್ಲಿನಿಂದ ತೆಗೆಯುವ ತೈಲ) ಹೆಚ್ಚಿದ ಮೇಲೆ ಅಪಾಯ ಕಡಿಮೆಯಾಗಿದೆಯೇ?

ಕಚ್ಚಾ ತೈಲದ ಮಟ್ಟಿಗೆ ಹೌದು. 2004ರಲ್ಲಿ ಅಮೆರಿಕದ ಕಚ್ಚಾ ತೈಲದ ಕಾಲು ಭಾಗಕ್ಕೂ ಹೆಚ್ಚು ಹಾಗೂ ನೈಸರ್ಗಿಕ ಅನಿಲದ ಐದನೇ ಒಂದು ಭಾಗದಷ್ಟು ಕೊಲ್ಲಿಯಿಂದ ಬರುತ್ತಿತ್ತು. ಈಗ ತೈಲದ ಪಾಲು ಬಹಳಷ್ಟು ತಗ್ಗಿದೆ. ಅನಿಲದ ಪಾಲು ಶೇ 5ಕ್ಕಿಂತಲೂ ಕೆಳಗಿಳಿದಿದೆ. ಕೊಲ್ಲಿಯ ಬಾವಿಗಳು ಒಂದು ವಾರ ನಿಂತರೆ ಮಾರುಕಟ್ಟೆ ಮೊದಲಿನಂತೆ ಬೆಚ್ಚುವುದಿಲ್ಲ.

ಆದರೆ ಸಂಸ್ಕರಣಾಗಾರಗಳು ಕರಾವಳಿಯಲ್ಲೇ ಇವೆ. ಒಳನಾಡಿನ ತೈಲವನ್ನು ಸಂಸ್ಕರಿಸಲು, ರಫ್ತು ಮಾಡಲು ಬೇಕಾದ ಪೈಪ್‌ಲೈನ್‌ಗಳು ಮತ್ತು ಬಂದರುಗಳನ್ನೂ ಅದೇ ಕರಾವಳಿಯಲ್ಲಿ ಕಟ್ಟಲಾಗಿದೆ. ದ್ರವೀಕೃತ ನೈಸರ್ಗಿಕ ಅನಿಲದ ರಫ್ತು ಘಟಕಗಳ ಬಹುಪಾಲೂ ಅಲ್ಲಿಯೇ. ಈ ಕಾರಣದಿಂದ ಮೊದಲು ಅಮೆರಿಕದ ಆಂತರಿಕ ತೊಂದರೆಯಾಗಿದ್ದ ಹರಿಕೇನ್, ಈಗ ಅಲ್ಲಿಂದ ಇಂಧನ ಕೊಳ್ಳುವ ದೂರದ ದೇಶಗಳಿಗೂ ತಟ್ಟುತ್ತದೆ. ಅಪಾಯ ಸಮುದ್ರದಿಂದ ದಡಕ್ಕೆ ಸರಿದಿದೆ. ಕಡಲಮಟ್ಟ ಏರುತ್ತಿರುವುದನ್ನೂ, ಬೆಚ್ಚಗಾದ ಗಾಳಿ ಹೆಚ್ಚು ತೇವಾಂಶ ಹೊತ್ತು ಹೆಚ್ಚು ಮಳೆ ಸುರಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ತಗ್ಗು ದಡದ ಸಂಸ್ಕರಣಾಗಾರಗಳ ಮುಂದಿನ ದಿನಗಳು ಸುಲಭವಾಗಿರಲಾರವು.

ಹರಿಕೇನ್ ಸುದ್ದಿ ಬಂದಾಗ ಪರಿಣಾಮವನ್ನು ಅಂದಾಜಿಸುವುದು ಹೇಗೆ?

ಚಂಡಮಾರುತದ ವರ್ಗಕ್ಕೆ ಮಾತ್ರ ಅಂಟಿಕೊಳ್ಳಬಾರದು. 1ರಿಂದ 5ರವರೆಗಿನ ಸಫಿರ್-ಸಿಂಪ್ಸನ್ ವರ್ಗ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ. ಮಳೆ, ಗಾಳಿ ದಡಕ್ಕೆ ತಳ್ಳುವ ಸಮುದ್ರದ ಉಬ್ಬರ, ಚಂಡಮಾರುತದ ಚಲನೆಯ ವೇಗ ಅದರಲ್ಲಿ ಸೇರಿಲ್ಲ. ಹಾರ್ವಿಯ ಪ್ರವಾಹ ಸಂಸ್ಕರಣಾಗಾರಗಳನ್ನು ಮುಚ್ಚಿಸುವ ಹೊತ್ತಿಗೆ ಅದು ಹರಿಕೇನ್ ಆಗಿಯೂ ಉಳಿದಿರಲಿಲ್ಲ. ಪಥವು ಮಿಸಿಸಿಪ್ಪಿ ನದಿಮುಖದತ್ತ ಇದ್ದರೆ ಆಳಸಮುದ್ರದ ವೇದಿಕೆಗಳು ಮತ್ತು ಪೋರ್ಟ್ ಫೋರ್ಷಾನ್, ಹ್ಯೂಸ್ಟನ್ ಅಥವಾ ಲೇಕ್ ಚಾರ್ಲ್ಸ್ ಕಡೆಗಿದ್ದರೆ ಸಂಸ್ಕರಣಾಗಾರಗಳು, ಟ್ಯಾಂಪಾ ಕಡೆಗಿದ್ದರೆ ಬಂದರು ಮುಖ್ಯವಾಗುತ್ತವೆ.

ಕೊಲ್ಲಿಯಲ್ಲಿ ಎಷ್ಟು ವೇದಿಕೆಗಳು ತೆರವಾಗಿವೆ, ಎಷ್ಟು ಉತ್ಪಾದನೆ ನಿಂತಿದೆ ಎಂಬ ಅಂಕಿಗಳನ್ನು ಅಮೆರಿಕದ ಸುರಕ್ಷತೆ ಮತ್ತು ಪರಿಸರ ಜಾರಿ ಬ್ಯೂರೊ ಅಂತಹ ದಿನಗಳಲ್ಲಿ ಪ್ರತಿದಿನ ಪ್ರಕಟಿಸುತ್ತದೆ. ಮೊದಲ ದಿನದ ಶೇಕಡಾವಾರು ಅಂಕಿ ಎಷ್ಟೇ ದೊಡ್ಡದಿದ್ದರೂ ಅದು ಬಹುಪಾಲು ಮುಂಜಾಗ್ರತೆಯ ಫಲ. ಚಂಡಮಾರುತ ದಾಟಿ ಐದಾರು ದಿನಗಳ ನಂತರವೂ ಅದು ಇಳಿಯದಿದ್ದರೆ, ಎಲ್ಲೋ ಒಂದು ಪೈಪ್‌ಲೈನ್, ದಡದ ಘಟಕ ಅಥವಾ ವಿದ್ಯುತ್ ಮಾರ್ಗ ನಿಜವಾಗಿ ಮುರಿದಿದೆ ಎಂದು ತಿಳಿಯಬೇಕು.